ಸೇವ್ ಒತ್ತಿದ ಮೇಲೆ ಮೆನುವಿನ ಬಾಲ ಕಾಣೆಯಾದರೆ: ದೊಡ್ಡ ಮೆನುಗಳ ದೋಷ ಪತ್ತೆ

ವೆಬ್‌ಸೈಟ್‌ನಲ್ಲಿ ನೂರಿನ್ನೂರು ಐಟಂ ಇರುವ ಮೆನುವಿಗೆ ಹೊಸದೊಂದು ಕೊಂಡಿ ಸೇರಿಸಿ ಸೇವ್ ಒತ್ತುತ್ತೀರಿ. ಮೆನು ಅಪ್‌ಡೇಟ್ ಆಗಿದೆ ಎಂಬ ಸಂದೇಶವೂ ಬರುತ್ತದೆ. ಆದರೆ ಸೇರಿಸಿದ ಕೊಂಡಿ ಕಾಣುವುದಿಲ್ಲ. ಪಟ್ಟಿಯ ಕೆಳಗಿಳಿದು ನೋಡಿದರೆ ಮೊದಲಿನಿಂದ ಇದ್ದ ಹತ್ತಾರು ಐಟಂಗಳೂ ಇಲ್ಲ. ಹೆಚ್ಚಿನವರು ಆಗ ಕೈಜಾರಿತೇನೋ ಎಂದುಕೊಂಡು ಇನ್ನೊಮ್ಮೆ ಸೇವ್ ಒತ್ತುತ್ತಾರೆ. ಈ ಬರಹದಲ್ಲಿ ಬೇರೇನನ್ನು ಮರೆತರೂ ಇದೊಂದನ್ನು ನೆನಪಿಡಿ: ಆ ಕ್ಷಣದಲ್ಲಿ ಎರಡನೇ ಸಲ ಸೇವ್ ಒತ್ತಬೇಡಿ.

ಇಲ್ಲಿ ವಿವರಿಸುವುದು ಮುಖ್ಯವಾಗಿ ಸೈಟ್ ಕಟ್ಟುವ ತಂತ್ರಾಂಶವಾದ ವರ್ಡ್‌ಪ್ರೆಸ್‌ನ ಹಳೆಯ ಮಾದರಿಯ ಮೆನು ಪರದೆಯನ್ನು, ಅಂದರೆ ಡ್ಯಾಶ್‌ಬೋರ್ಡ್‌ನಲ್ಲಿ ಅಪಿಯರೆನ್ಸ್ ಕೆಳಗಿರುವ ಮೆನುಸ್ ಪುಟವನ್ನು. ದೊಡ್ಡ ಮೆನುವಿನ ತೊಂದರೆ ಅತಿ ಹೆಚ್ಚಾಗಿ ಕಾಣುವುದು ಅಲ್ಲೇ. ಅಂಥದ್ದೇ ತಂತ್ರಾಂಶಗಳಾದ ಜೂಮ್ಲಾ, ಡ್ರೂಪಲ್ ಬಳಸುವವರಿಗೆ ಬೇಕಾದ ವ್ಯತ್ಯಾಸಗಳು ಕೊನೆಯ ಕಡೆಗೆ ಇವೆ.

ಐಟಂ ಅಳಿಯುವುದು ಏಕೆ

ವರ್ಡ್‌ಪ್ರೆಸ್ ಪ್ರತಿ ಮೆನು ಐಟಂ ಅನ್ನೂ ಒಂದು ಪೋಸ್ಟ್ ಆಗಿಯೇ ಡೇಟಾಬೇಸ್‌ನಲ್ಲಿ ಇಡುತ್ತದೆ. ಅದರ ತಾಯಿ ಐಟಂ ಯಾವುದು, ಯಾವ ಪುಟಕ್ಕೆ ಕೊಂಡಿ, ಹೊಸ ಕಿಟಕಿಯಲ್ಲಿ ತೆರೆಯಬೇಕೇ ಮುಂತಾದ ವಿವರಗಳು ಪೋಸ್ಟ್ ಮೆಟಾ ಕೋಷ್ಟಕದಲ್ಲಿ ಎಂಟು ಸಾಲುಗಳಾಗಿ ಕೂರುತ್ತವೆ. ನೀವು ಸೇವ್ ಒತ್ತಿದಾಗ ಬದಲಾದ ಒಂದು ಐಟಂ ಮಾತ್ರ ಹೋಗುವುದಿಲ್ಲ. ಪರದೆಯ ಮೇಲಿರುವ ಇಡೀ ಪಟ್ಟಿ ಮತ್ತೊಮ್ಮೆ ಸರ್ವರ್‌ಗೆ ಹೋಗುತ್ತದೆ.

ಸರ್ವರ್ ಎರಡು ಹಂತದಲ್ಲಿ ಕೆಲಸ ಮಾಡುತ್ತದೆ. ಮೊದಲು, ಬಂದಿರುವ ಪಟ್ಟಿಯ ಐಟಂಗಳನ್ನು ಒಂದೊಂದಾಗಿ ಬರೆಯುತ್ತದೆ. ಆಮೇಲೆ, ಡೇಟಾಬೇಸ್‌ನಲ್ಲಿ ಇದ್ದು ಬಂದ ಪಟ್ಟಿಯಲ್ಲಿ ಇಲ್ಲದ ಐಟಂಗಳನ್ನು ಅಳಿಸುತ್ತದೆ. ಹಾಜರಿ ಕರೆದಾಗ ಓಗೊಡದವರ ಹೆಸರನ್ನು ಪುಸ್ತಕದಿಂದಲೇ ಹೊಡೆದು ಹಾಕುವಂತೆ. ಬಳಕೆದಾರ ತಾನಾಗಿ ತೆಗೆದ ಐಟಂಗೂ ದಾರಿಯಲ್ಲಿ ಕಳೆದುಹೋದ ಐಟಂಗೂ ಇರುವ ವ್ಯತ್ಯಾಸ ಅದಕ್ಕೆ ಗೊತ್ತಾಗುವುದಿಲ್ಲ.

ಅಳಿದದ್ದು ಕಸದ ಬುಟ್ಟಿಗೂ ಹೋಗುವುದಿಲ್ಲ. ಪೋಸ್ಟ್‌ಗಳಿಗೂ ಪುಟಗಳಿಗೂ ಇರುವ ಟ್ರ್ಯಾಶ್ ಸೌಲಭ್ಯ ಮೆನು ಐಟಂಗಳಿಗೆ ಇಲ್ಲ, ರಿವಿಷನ್‌ಗಳೂ (ಹಿಂದಿನ ಆವೃತ್ತಿಗಳ ಪ್ರತಿಗಳು) ಇಲ್ಲ. ಮೊದಲ ಸೇವ್‌ನಲ್ಲಿ ತುಂಡಾದ ಪಟ್ಟಿಯೇ ಈಗ ನಿಮ್ಮ ಪರದೆಯ ಮೇಲಿದೆ, ಎರಡನೇ ಸೇವ್ ಆ ತುಂಡನ್ನೇ ಸರಿ ಎಂದು ಖಾಯಂ ಮಾಡುತ್ತದೆ. ಆತುರದಲ್ಲಿ ಐಟಂಗಳನ್ನು ಮತ್ತೆ ಸೇರಿಸಲು ಹೊರಟರೆ ಅವೂ ಪಟ್ಟಿಯನ್ನು ತುಂಡರಿಸಿದ ಅದೇ ಮಿತಿಗೆ (ಅದು ಯಾವುದೆಂದು ಮುಂದೆ ನೋಡೋಣ) ಬಡಿದು ಉದುರುತ್ತವೆ.

ಏನನ್ನೂ ಮುಟ್ಟುವ ಮೊದಲು

ಕಾಣೆಯಾದ ಐಟಂಗಳ ಪಟ್ಟಿ ಎಲ್ಲಾದರೂ ಉಳಿದಿದೆಯೇ ನೋಡಿ. ಬಹಳಷ್ಟು ಸಲ ಉಳಿದಿರುತ್ತದೆ. ಸೈಟ್‌ಗೆ ಪುಟ ಕ್ಯಾಶೆ (ಸಿದ್ಧ ಪುಟಗಳ ತಾತ್ಕಾಲಿಕ ಪ್ರತಿ) ಅಥವಾ ಸಿಡಿಎನ್ (ಅಂಥ ಪ್ರತಿಗಳನ್ನು ಬೇರೆ ಬೇರೆ ಕಡೆಯ ಸರ್ವರ್‌ಗಳಿಂದ ಕೊಡುವ ಜಾಲ) ಇದ್ದರೆ, ಲಾಗಿನ್ ಆಗದ ಬ್ರೌಸರ್ ಕಿಟಕಿಯಲ್ಲಿ ಯಾವುದಾದರೂ ಹಳೆಯ ಒಳಪುಟವನ್ನು ತೆರೆಯಿರಿ. ಅಲ್ಲಿ ಹಿಂದಿನ ಮೆನು ಇನ್ನೂ ಪೂರ್ತಿಯಾಗಿ ಇರಬಹುದು. ಇದ್ದರೆ ಆ ಪುಟವನ್ನು ಹಾಗೆಯೇ ಕಂಪ್ಯೂಟರ್‌ಗೆ ಉಳಿಸಿಕೊಳ್ಳಿ. ಐಟಂಗಳ ಹೆಸರು, ವಿಳಾಸ, ಕ್ರಮ, ಮಟ್ಟ ಎಲ್ಲವೂ ಆ ಒಂದು ಕಡತದಲ್ಲಿ ಸಿಗುತ್ತವೆ. ಮೆನು ಬದಲಾಗಿ ಕಂಡಾಗ ಕ್ಯಾಶೆ ಅಳಿಸಿ ನೋಡಿ ಎನ್ನುವುದು ಎಲ್ಲರೂ ಕೊಡುವ ಸಲಹೆ. ಈ ದೋಷದಲ್ಲಿ ಅದು ಸಾಕ್ಷಿಯನ್ನೇ ಅಳಿಸಿದಂತೆ, ಹಾಗಾಗಿ ಅದನ್ನು ಕೊನೆಗೆ ಇಟ್ಟುಕೊಳ್ಳಿ.

ಎರಡನೆಯದು, ಈಗಿನ ಸ್ಥಿತಿಯ ಡೇಟಾಬೇಸ್ ಬ್ಯಾಕಪ್. ಹಾಳಾದ ಸ್ಥಿತಿಯದ್ದಾದರೂ ಪರವಾಗಿಲ್ಲ, ಇಲ್ಲಿಂದ ಮುಂದೆ ನೀವು ಮಾಡುವ ಪ್ರಯೋಗಗಳು ಇನ್ನಷ್ಟು ಹಾಳು ಮಾಡಿದರೆ ಇಲ್ಲಿಗಾದರೂ ಹಿಂತಿರುಗಬಹುದು. ಹಿಂದಿನ ದಿನದ ಬ್ಯಾಕಪ್ ಇದೆಯೇ ಎಂದೂ ವಿಚಾರಿಸಿ. ಹೋಸ್ಟಿಂಗ್‌ನ ಬ್ಯಾಕಪ್‌ಗಳು ಒಂದರ ಮೇಲೊಂದು ಬರೆದುಕೊಂಡು ಹೋಗುವ ವ್ಯವಸ್ಥೆಯಾದರೆ, ಒಳ್ಳೆಯ ಪ್ರತಿಯನ್ನು ಇವತ್ತೇ ಪಕ್ಕಕ್ಕೆ ತೆಗೆದಿಡಿ.

ಮುಂದಿನ ಪರೀಕ್ಷೆಗಳನ್ನೆಲ್ಲ ಸೈಟ್‌ನ ಸ್ಟೇಜಿಂಗ್ ಪ್ರತಿಯಲ್ಲಿ, ಅಂದರೆ ಪ್ರಯೋಗಕ್ಕೆಂದು ಇಟ್ಟ ನಕಲಿನಲ್ಲಿ, ಮಾಡುವುದು ಒಳ್ಳೆಯದು. ಆದರೆ ಒಂದು ಎಚ್ಚರಿಕೆ: ಸ್ಟೇಜಿಂಗ್‌ನಲ್ಲಿ ಪಿಎಚ್‌ಪಿ (ವರ್ಡ್‌ಪ್ರೆಸ್ ಅನ್ನು ಸರ್ವರ್‌ನಲ್ಲಿ ಓಡಿಸುವ ಭಾಷೆ) ಸೆಟ್ಟಿಂಗ್‌ಗಳೂ ಫೈರ್‌ವಾಲ್ ನಿಯಮಗಳೂ ಬೇರೆಯಾಗಿದ್ದರೆ ಅಲ್ಲಿ ದೋಷ ಕಾಣಿಸಿಕೊಳ್ಳುವುದೇ ಇಲ್ಲ. ಅಲ್ಲಿ ಸರಿಯಾಗಿ ಸೇವ್ ಆಯಿತು ಎಂದ ಮಾತ್ರಕ್ಕೆ ನಿಜವಾದ ಸೈಟ್ ಸರಿಯಿದೆ ಎಂದುಕೊಳ್ಳಬೇಡಿ. ಎರಡೂ ಕಡೆಯ ಸೆಟ್ಟಿಂಗ್‌ಗಳ ನಡುವಿನ ಆ ವ್ಯತ್ಯಾಸವೇ ಒಂದು ಸುಳಿವು.

ಯಾವ ದೋಷ ಎಂದು ಲಕ್ಷಣದಿಂದ ಗುರುತಿಸುವುದು

ಮೆನು ಹಾಳಾಯಿತು ಎಂಬ ಒಂದೇ ಮಾತಿನ ಹಿಂದೆ ನಾಲ್ಕು ಬೇರೆ ಬೇರೆ ದೋಷಗಳು ಅಡಗಿರುತ್ತವೆ. ನೋಡಲು ಹೋಲುತ್ತವೆ, ಪರಿಹಾರಗಳಿಗೆ ಮಾತ್ರ ಒಂದಕ್ಕೊಂದು ಸಂಬಂಧವಿಲ್ಲ. ಸೆಟ್ಟಿಂಗ್ ಬದಲಿಸುವ ಮೊದಲು ನಿಮ್ಮದು ಯಾವುದೆಂದು ತೀರ್ಮಾನಿಸಿ.

ಪಟ್ಟಿಯ ಕೊನೆ ಭಾಗ ನೀಟಾಗಿ ಕತ್ತರಿಸಿದಂತೆ ಹೋಗಿದ್ದು, ಮೇಲಿನದ್ದೆಲ್ಲ ಸರಿಯಾಗಿದ್ದರೆ, ಕಳುಹಿಸಿದ ಮಾಹಿತಿ ದಾರಿಯಲ್ಲಿ ತುಂಡಾಗಿದೆ. ಇದಕ್ಕೆ ಇನ್ನೂ ಎರಡು ಗುರುತುಗಳಿವೆ. ಒಂದು, ಮೆನು ಪರದೆಯ ತಳದಲ್ಲಿರುವ ಡಿಸ್‌ಪ್ಲೇ ಲೊಕೇಶನ್ ಟಿಕ್ ತಾನಾಗಿಯೇ ಹೋಗಿರುತ್ತದೆ. ಆ ಚೌಕ ಫಾರ್ಮ್‌ನ ಕೊನೆಯಲ್ಲಿ ಇರುವುದರಿಂದ ಬಾಲ ತುಂಡಾದಾಗ ಅದೂ ಹೋಗುತ್ತದೆ, ಟಿಕ್ ತೆಗೆದಿದ್ದಾರೆ ಎಂದು ವರ್ಡ್‌ಪ್ರೆಸ್ ತಿಳಿದು ಮೆನುವನ್ನು ಹೆಡರ್‌ನಿಂದ ಬಿಡಿಸುತ್ತದೆ. ಸೈಟ್‌ನ ಮೇಲ್ಭಾಗದಲ್ಲಿ ಮೆನುವೇ ಇಲ್ಲ ಎಂಬ ದೂರು ಮೊದಲು ಬರುವುದು ಹೀಗೆ. ಎರಡು, ಉಳಿದ ಐಟಂಗಳಲ್ಲಿ ಕೊನೆಯದು ವಿಚಿತ್ರವಾಗಿರುತ್ತದೆ. ಗಡಿಯಲ್ಲಿ ಸಿಕ್ಕಿಕೊಂಡ ಆ ಐಟಂನ ಅರ್ಧ ವಿವರ ಮಾತ್ರ ತಲುಪಿ, ತಾಯಿ ಐಟಂನಿಂದ ಕಳಚಿಕೊಂಡು ಮೇಲ್ಮಟ್ಟಕ್ಕೆ ಬಂದು ನಿಂತಿರಬಹುದು.

ಯಾವ ಐಟಂ ಸಹ ಕಳೆದಿಲ್ಲ, ಆದರೆ ಕ್ರಮ ಅಸ್ತವ್ಯಸ್ತವಾಗಿದೆ, ಸೇವ್ ಮಾಡುವಾಗ ಬಹಳ ಹೊತ್ತು ಕಾದು ಕೊನೆಗೆ ಬಿಳಿ ಪುಟ ಅಥವಾ 504 (ಸರ್ವರ್ ಉತ್ತರಕ್ಕೆ ಕಾದು ಕೈಬಿಟ್ಟಿತು) ಸಂದೇಶ ಬಂದಿತ್ತು ಎಂದರೆ ಅದು ಸಮಯ ಮೀರಿದ ದೋಷ. ಬರೆಯುವ ಹಂತ ನಡುವೆ ನಿಂತಿದೆ, ಅಳಿಸುವ ಹಂತ ಅದರ ನಂತರದ್ದಾದ್ದರಿಂದ ಅದು ಆರಂಭವೇ ಆಗಿಲ್ಲ. ಮೇಲಿನ ಐಟಂಗಳಿಗೆ ಹೊಸ ಕ್ರಮಸಂಖ್ಯೆ, ಕೆಳಗಿನವಕ್ಕೆ ಹಳೆಯದು. ಹಾಗಾಗಿ ಎರಡೂ ಹೆಣೆದುಕೊಂಡು ಪಟ್ಟಿ ಕಲಸಿದಂತೆ ಕಾಣುತ್ತದೆ.

ಸೇವ್ ಒತ್ತಿದರೂ ಏನೂ ಬದಲಾಗದೆ, ಯಶಸ್ವಿ ಸಂದೇಶವೂ ಬಾರದೆ, ಪಟ್ಟಿ ಹಿಂದಿನಂತೆಯೇ ಉಳಿದರೆ ವಿನಂತಿ ಇಡಿಯಾಗಿ ತಿರಸ್ಕೃತವಾಗಿದೆ. ನಾಲ್ಕರಲ್ಲಿ ಅಪಾಯ ಅತಿ ಕಡಿಮೆ ಇದರಲ್ಲೇ.

ಡ್ಯಾಶ್‌ಬೋರ್ಡ್‌ನಲ್ಲಿ ಎಲ್ಲ ಐಟಂಗಳೂ ಸರಿಯಾಗಿದ್ದು ಸೈಟ್‌ನಲ್ಲಿ ಮಾತ್ರ ಕಾಣದಿದ್ದರೆ ಸೇವ್‌ನ ತಪ್ಪಿಲ್ಲ, ತೋರಿಸುವ ಕಡೆ ತೊಂದರೆ. ಅಂಥ ಹೊತ್ತಿನಲ್ಲಿ ಸರ್ವರ್‌ನ ಮಿತಿಗಳನ್ನು ಏರಿಸುತ್ತ ಕೂರುವುದು ವ್ಯರ್ಥ ಶ್ರಮ.

ಮಾಹಿತಿ ತುಂಡಾಗುವ ದೋಷ

ಪಿಎಚ್‌ಪಿಯಲ್ಲಿ ಮ್ಯಾಕ್ಸ್ ಇನ್‌ಪುಟ್ ವಾರ್ಸ್ ಎಂಬ ಸೆಟ್ಟಿಂಗ್ ಇದೆ. ಒಂದು ವಿನಂತಿಯಲ್ಲಿ ಎಷ್ಟು ಫೀಲ್ಡ್‌ಗಳನ್ನು ಸ್ವೀಕರಿಸಬೇಕು ಎಂಬುದರ ಮಿತಿ ಅದು. ಯಾರೂ ಬದಲಿಸದಿದ್ದರೆ ಅದರ ಮೌಲ್ಯ 1000. ಲೆಕ್ಕವಿಲ್ಲದಷ್ಟು ಫೀಲ್ಡ್‌ಗಳನ್ನು ಉಪಾಯವಾಗಿ ಹೆಸರಿಸಿ ಕಳಿಸಿ, ಸರ್ವರ್ ಅವನ್ನು ಜೋಡಿಸಿಡುವ ಹ್ಯಾಶ್ ಕೋಷ್ಟಕದಲ್ಲಿ ಡಿಕ್ಕಿ ಮಾಡಿಸಿ ಸರ್ವರ್ ಅನ್ನೇ ಸ್ತಬ್ಧಗೊಳಿಸುವ ದಾಳಿ 2011ರ ಕೊನೆಯಲ್ಲಿ ಬಹಿರಂಗವಾಯಿತು. ಅದಕ್ಕೆ ತಡೆಯಾಗಿ 2012ರ ಜನವರಿಯಲ್ಲಿ ಪಿಎಚ್‌ಪಿ 5.3.9ರೊಂದಿಗೆ ಈ ಮಿತಿ ಬಂತು. ಅಂದರೆ ಇದು ಬೇಕೆಂದೇ ಇಟ್ಟಿರುವ ಕಾವಲು.

ಒಂದು ಮೆನು ಐಟಂ ಕಳಿಸುವ ಫೀಲ್ಡ್‌ಗಳು 11 ಅಥವಾ 12: ಐಟಂನ ಸಂಖ್ಯೆ, ಹೆಸರು, ಬಗೆ, ತಾಯಿ ಐಟಂ, ಕ್ರಮಸಂಖ್ಯೆ, ವಿವರಣೆ ಇತ್ಯಾದಿ. ಸಾವಿರವನ್ನು ಹನ್ನೆರಡರಿಂದ ಭಾಗಿಸಿದರೆ 83. ಹಾಗಾಗಿ ಮೆನು 80-90 ಐಟಂ ದಾಟುವವರೆಗೆ ಏನೂ ಆಗುವುದಿಲ್ಲ, ವರ್ಷಗಟ್ಟಲೆ ಸರಿಯಾಗಿ ನಡೆದ ಮೆನು ಒಂದು ದಿನ ಒಂದೇ ಒಂದು ಐಟಂ ಸೇರಿಸಿದ್ದಕ್ಕೆ ಮುರಿಯುತ್ತದೆ. ಮೆನುವಿಗೆ ಐಕಾನ್, ಬಣ್ಣ, ಮೆಗಾ ಮೆನು ಅಂಕಣಗಳನ್ನು ಕೊಡುವ ಪ್ಲಗಿನ್‌ಗಳಿದ್ದರೆ ಪ್ರತಿ ಐಟಂಗೂ ಅವುಗಳ ಫೀಲ್ಡ್‌ಗಳು ಸೇರಿ ಈ ಗಡಿ ಇನ್ನೂ ಬೇಗ ಬರುತ್ತದೆ. ಸ್ಕ್ರೀನ್ ಆಪ್ಷನ್ಸ್‌ನಲ್ಲಿ ಬೇಡದ ಫೀಲ್ಡ್‌ಗಳ ಟಿಕ್ ತೆಗೆದರೆ ಭಾರ ಇಳಿಯುತ್ತದೆ ಎಂದು ಕೆಲವರು ನಂಬಿದ್ದಾರೆ. ಇಳಿಯುವುದಿಲ್ಲ. ಅವು ಕಣ್ಣಿಗೆ ಕಾಣದಂತೆ ಮರೆಯಾಗುತ್ತವೆ ಅಷ್ಟೆ, ಸೇವ್ ಮಾಡುವಾಗ ಹೋಗಿಯೇ ಹೋಗುತ್ತವೆ.

2016ರಲ್ಲಿ ಬಂದ ವರ್ಡ್‌ಪ್ರೆಸ್ 4.5.3 ಇದಕ್ಕೊಂದು ಜಾಣ ಉಪಾಯ ಮಾಡಿತು. ಸೇವ್ ಒತ್ತಿದ ಕೂಡಲೇ ಬ್ರೌಸರ್‌ನಲ್ಲಿ ಓಡುವ ಜಾವಾಸ್ಕ್ರಿಪ್ಟ್ ಇಡೀ ಫಾರ್ಮ್ ಅನ್ನು ಜೇಸನ್ ರೂಪದ ಒಂದೇ ಪಠ್ಯವಾಗಿ ಮಡಚಿ, ಒಂದೇ ಗುಪ್ತ ಫೀಲ್ಡ್‌ನಲ್ಲಿ ಇಟ್ಟು ಕಳಿಸುತ್ತದೆ. ಸರ್ವರ್ ಅದನ್ನು ಬಿಚ್ಚಿ ಪೂರ್ಣ ಪಟ್ಟಿಯನ್ನು ಪಡೆಯುತ್ತದೆ. ಸಾವಿರದ ಮಿತಿಗೆ ಆ ಮೂಟೆ ಒಂದೇ ಫೀಲ್ಡ್ ಎಂದು ಲೆಕ್ಕ.

ಹಾಗಿದ್ದರೆ ಈಗಲೂ ಮೆನು ತುಂಡಾಗುವುದು ಹೇಗೆ? ಆ ಉಪಾಯ ಪೂರ್ತಿಯಾಗಿ ಜಾವಾಸ್ಕ್ರಿಪ್ಟ್ ಮೇಲೆ ನಿಂತಿದೆ. ಬೇರೊಂದು ಪ್ಲಗಿನ್ ಅಥವಾ ಥೀಮ್‌ನ ಸ್ಕ್ರಿಪ್ಟ್ ಆ ಪರದೆಯಲ್ಲಿ ದೋಷ ಎಸೆದು, ಮೆನುವಿನ ಸ್ಕ್ರಿಪ್ಟ್ ಓಡದಂತೆ ಮಾಡಿದರೆ ಆ ಗುಪ್ತ ಫೀಲ್ಡ್ ಖಾಲಿ ಹೋಗುತ್ತದೆ. ಫಾರ್ಮ್ ಮಾತ್ರ ಎಂದಿನಂತೆ ಸಲ್ಲಿಕೆಯಾಗುತ್ತದೆ. ಆಗ ಉಳಿಯುವುದು ಬಿಡಿ ಬಿಡಿ ಫೀಲ್ಡ್‌ಗಳ ಹಳೆಯ ದಾರಿ, ಅದರ ತುದಿಯಲ್ಲಿ ಅದೇ ಸಾವಿರದ ಗಡಿ. ಹೊಸ ಆವೃತ್ತಿಯಿದ್ದೂ ಬಾಲ ತುಂಡಾಯಿತು ಎಂದಾಗ ನಾನು ಮೊದಲು ಅನುಮಾನಿಸುವುದು ಇದನ್ನೇ, ಸರ್ವರ್ ಅನ್ನಲ್ಲ. ಮೆನು ಸಂಪಾದನೆಗೆ ತಮ್ಮದೇ ಪರದೆ ಅಥವಾ ತಮ್ಮದೇ ಸೇವ್ ದಾರಿ ಕಟ್ಟಿಕೊಂಡಿರುವ ಪ್ಲಗಿನ್‌ಗಳು ಎರಡನೇ ಅನುಮಾನ. ವರ್ಡ್‌ಪ್ರೆಸ್ ಮಾಡಿಕೊಟ್ಟ ರಕ್ಷಣೆ ಅವಕ್ಕೆ ಅನ್ವಯಿಸುವುದಿಲ್ಲ.

ಖಚಿತಪಡಿಸಿಕೊಳ್ಳಲು ಬ್ರೌಸರ್‌ನ ಡೆವಲಪರ್ ಟೂಲ್ಸ್ ಸಾಕು. ಸ್ಟೇಜಿಂಗ್ ಪ್ರತಿಯಲ್ಲಿ ಮೆನು ಪರದೆ ತೆರೆದು, ಕನ್ಸೋಲ್‌ನಲ್ಲಿ ಕೆಂಪು ಸಾಲುಗಳಿವೆಯೇ ನೋಡಿ. ಇದ್ದರೆ ಅದರ ಬಲಗಡೆ ಯಾವ ಕಡತದ ಹೆಸರಿದೆ ಎಂದು ಗುರುತು ಮಾಡಿಕೊಳ್ಳಿ, ಪ್ಲಗಿನ್‌ನ ಫೋಲ್ಡರ್ ಹೆಸರು ಸಾಮಾನ್ಯವಾಗಿ ಅಲ್ಲೇ ಇರುತ್ತದೆ. ನಂತರ ನೆಟ್‌ವರ್ಕ್ ಟ್ಯಾಬ್‌ಗೆ ಹೋಗಿ, ಪ್ರಿಸರ್ವ್ ಲಾಗ್ ಆನ್ ಮಾಡಿ, ಸೇವ್ ಒತ್ತಿ. ಪುಟ ಮತ್ತೆ ತೆರೆದ ಮೇಲೆ ಮೊದಲ ಪೋಸ್ಟ್ ವಿನಂತಿಯನ್ನು (ಇಲ್ಲಿ ಪೋಸ್ಟ್ ಎಂದರೆ ಫಾರ್ಮ್ ಕಳಿಸುವ ವಿಧಾನ, ಲೇಖನವಲ್ಲ) ಆಯ್ದು ಪೇಲೋಡ್, ಅಂದರೆ ಕಳಿಸಿದ ಮಾಹಿತಿ, ನೋಡಿ. ನ್ಯಾವ್ ಮೆನು ಡೇಟಾ ಎಂಬ ಫೀಲ್ಡ್ ಉದ್ದನೆಯ ಪಠ್ಯದಿಂದ ತುಂಬಿದೆಯೇ, ಖಾಲಿಯೇ? ಖಾಲಿಯಿದ್ದರೆ ಬ್ರೌಸರ್ ಕಡೆಯ ದೋಷ. ತುಂಬಿದ್ದು, ಪಟ್ಟಿಯ ಕೊನೆಯ ಐಟಂ ಕೂಡ ಅದರಲ್ಲಿ ಇದ್ದರೆ, ಕಳಿಸುವವರು ಸರಿಯಾಗಿಯೇ ಕಳಿಸಿದ್ದಾರೆ. ಕತ್ತರಿ ಬಿದ್ದಿರುವುದು ಸರ್ವರ್ ಕಡೆ.

ಮಿತಿ ಮೀರಿದಾಗ ಪಿಎಚ್‌ಪಿ ಲಾಗ್‌ನಲ್ಲಿ ಇನ್‌ಪುಟ್ ವೇರಿಯಬಲ್‌ಗಳು 1000 ಮೀರಿವೆ ಎಂಬ ಎಚ್ಚರಿಕೆ ಬೀಳುತ್ತದೆ. ಇದನ್ನು ಓದುವಾಗ ಸ್ವಲ್ಪ ವಿವೇಚನೆ ಬೇಕು. ಜೇಸನ್ ಮೂಟೆಯ ಜೊತೆಗೆ ಬಿಡಿ ಫೀಲ್ಡ್‌ಗಳೂ ಹೋಗುತ್ತಲೇ ಇರುವುದರಿಂದ, ಮೆನು ಸರಿಯಾಗಿ ಸೇವ್ ಆದಾಗಲೂ ಈ ಎಚ್ಚರಿಕೆ ಬರುತ್ತದೆ. ಅದೊಂದೇ ದೋಷದ ಪುರಾವೆಯಲ್ಲ.

ಮಿತಿಯನ್ನು ಏರಿಸಲೇಬೇಕೆಂದರೆ ಎಲ್ಲಿ ಬರೆಯುತ್ತೀರಿ ಎಂಬುದು ಮುಖ್ಯ. ವರ್ಡ್‌ಪ್ರೆಸ್‌ನ ಕಾನ್ಫಿಗ್ ಕಡತದಲ್ಲಿ ಐಎನ್‌ಐ ಸೆಟ್ (ಸೆಟ್ಟಿಂಗ್ ಬದಲಿಸುವ ಪಿಎಚ್‌ಪಿ ಆದೇಶ) ಎಂದು ಬರೆದರೆ ಪ್ರಯೋಜನವಿಲ್ಲ. ಆ ಸಾಲು ಓಡುವ ಹೊತ್ತಿಗೆ ಪಿಎಚ್‌ಪಿ ಫೀಲ್ಡ್‌ಗಳನ್ನು ಎಣಿಸಿ ಕತ್ತರಿಸಿ ಮುಗಿಸಿರುತ್ತದೆ. ಈ ಸಲಹೆ ಎಷ್ಟೋ ಕಡೆ ಕಾಣಸಿಗುತ್ತದೆ, ಹಾಗೆ ಬರೆದ ಸಾಲು ದೋಷವನ್ನೂ ಕೊಡುವುದಿಲ್ಲ, ಕೆಲಸವನ್ನೂ ಮಾಡುವುದಿಲ್ಲ. ಬರೆಯಬೇಕಾದ್ದು ಪಿಎಚ್‌ಪಿ ಐಎನ್‌ಐ ಕಡತದಲ್ಲಿ, ಅಥವಾ ಎಫ್‌ಪಿಎಂ (ಪಿಎಚ್‌ಪಿಯನ್ನು ಪ್ರತ್ಯೇಕ ಸೇವೆಯಾಗಿ ಓಡಿಸುವ ವ್ಯವಸ್ಥೆ) ಪೂಲ್‌ನ ಸೆಟ್ಟಿಂಗ್‌ನಲ್ಲಿ. ಎಫ್‌ಪಿಎಂ ಆದರೆ ರಿಲೋಡ್ ಮಾಡಿದ ಮೇಲಷ್ಟೇ ಜಾರಿಗೆ ಬರುತ್ತದೆ. ಹಂಚಿಕೆಯ ಹೋಸ್ಟಿಂಗ್‌ನಲ್ಲಿ ಇದ್ದರೆ ಸೈಟ್‌ನ ಮೂಲ ಫೋಲ್ಡರ್‌ನಲ್ಲಿ ಯೂಸರ್ ಐಎನ್‌ಐ ಕಡತ ಇಡಬಹುದು. ಅದನ್ನು ಪಿಎಚ್‌ಪಿ 300 ಸೆಕೆಂಡಿಗೊಮ್ಮೆ ಮಾತ್ರ ಓದುತ್ತದೆ, ಆದ್ದರಿಂದ ಐದು ನಿಮಿಷ ಕಾಯದೆ ಫಲ ಸಿಗಲಿಲ್ಲ ಎನ್ನಬೇಡಿ. ಎಚ್‌ಟಿ ಆಕ್ಸೆಸ್ ಕಡತದಲ್ಲಿ ಪಿಎಚ್‌ಪಿ ವ್ಯಾಲ್ಯೂ ಎಂದು ಬರೆಯುವ ದಾರಿ ಮುಖ್ಯವಾಗಿ ಅಪಾಚೆ ವೆಬ್ ಸರ್ವರ್‌ನೊಳಗೇ ಪಿಎಚ್‌ಪಿ ಮಾಡ್ಯೂಲ್ ಆಗಿ ಓಡುವಲ್ಲಿ ಸಲ್ಲುತ್ತದೆ. ಬೇರೆ ಕಡೆ ಅದು ಇಡೀ ಸೈಟ್ ಅನ್ನು 500 ದೋಷಕ್ಕೆ ತಳ್ಳಬಹುದು.

ಎಷ್ಟು ಕೊಡಬೇಕು? ಲೆಕ್ಕ ಹಾಕಿ ಕೊಡಿ. 300 ಐಟಂ, ತಲಾ 12 ಫೀಲ್ಡ್ ಎಂದರೆ 3600. ಪ್ಲಗಿನ್ ಒಂದು ತಲಾ 5 ಫೀಲ್ಡ್ ಸೇರಿಸುತ್ತಿದ್ದರೆ ಇನ್ನೂ 1500. ಒಟ್ಟು 5100, ಬೆಳೆಯಲು ಸ್ವಲ್ಪ ಜಾಗ ಬಿಟ್ಟು 6000 ಸಾಕು. ಲಕ್ಷ ಎಂದು ಬರೆದು ಕೈತೊಳೆದುಕೊಂಡರೆ ಆ ಕಾವಲನ್ನೇ ತೆಗೆದುಹಾಕಿದಂತಾಗುತ್ತದೆ.

ಬದಲಾವಣೆ ಜಾರಿಯಾಗಿದೆಯೇ ಎಂದು ಟೂಲ್ಸ್ ಕೆಳಗಿನ ಸೈಟ್ ಹೆಲ್ತ್‌ನಲ್ಲಿ ಇನ್ಫೋ ಟ್ಯಾಬ್ ತೆರೆದು, ಸರ್ವರ್ ವಿಭಾಗದಲ್ಲಿ ನೋಡಿ. ಟರ್ಮಿನಲ್‌ನಲ್ಲಿ ಪಿಎಚ್‌ಪಿಯನ್ನು ಕೇಳಿ ತಿಳಿದ ಉತ್ತರವನ್ನು ನಂಬಬೇಡಿ, ಕಮಾಂಡ್ ಲೈನ್ ಪಿಎಚ್‌ಪಿ ಓದುವ ಐಎನ್‌ಐ ಕಡತ ವೆಬ್‌ನ ಪಿಎಚ್‌ಪಿ ಓದುವುದಕ್ಕಿಂತ ಬೇರೆಯಾಗಿರುವುದು ಸಾಮಾನ್ಯ. ಹಳೆಯ ಪಿಎಚ್‌ಪಿ 5 ಸರ್ವರ್‌ಗಳಲ್ಲಿ ಸುಹೋಸಿನ್ ಎಂಬ ವಿಸ್ತರಣೆ ಇದ್ದರೆ ಅದಕ್ಕೆ ತನ್ನದೇ ಪ್ರತ್ಯೇಕ ಮಿತಿಗಳಿರುತ್ತವೆ, ಅವನ್ನೂ ಏರಿಸಬೇಕು.

ವಿನಂತಿ ಇಡಿಯಾಗಿ ತಿರಸ್ಕೃತವಾದಾಗ

ನೆಟ್‌ವರ್ಕ್ ಟ್ಯಾಬ್‌ನಲ್ಲಿ ಉತ್ತರದ ಸಂಖ್ಯೆ ನೋಡಿ. 413 (ಗಾತ್ರ ಮೀರಿದೆ) ಅಥವಾ 403 (ಅನುಮತಿ ಇಲ್ಲ) ಬಂದರೆ ಪಿಎಚ್‌ಪಿ ತನಕ ವಿನಂತಿ ತಲುಪಿರುವುದೇ ಅನುಮಾನ. ಮಾಡ್‌ಸೆಕ್ಯೂರಿಟಿ ಫೈರ್‌ವಾಲ್‌ನ ಶಿಫಾರಸು ಮಾಡಿದ ಕಾನ್ಫಿಗರೇಶನ್‌ನಲ್ಲಿ, ಕಡತಗಳನ್ನು ಬಿಟ್ಟು ಉಳಿದ ವಿನಂತಿಯ ಗಾತ್ರಕ್ಕೆ 131072 ಬೈಟ್ ಮಿತಿಯಿದೆ, ಅಂದರೆ 128 ಕಿಲೋಬೈಟ್. ಚಿತ್ರ ಅಪ್‌ಲೋಡ್‌ಗೆ ಈ ಮಿತಿ ತಾಗುವುದಿಲ್ಲ, ಆದ್ದರಿಂದ ಯಾರ ಗಮನಕ್ಕೂ ಬಂದಿರುವುದಿಲ್ಲ. ಬಿಡಿ ಫೀಲ್ಡ್‌ಗಳೂ ಜೇಸನ್ ಮೂಟೆಯೂ ಒಟ್ಟಿಗೆ ಹೋಗುವ ದೊಡ್ಡ ಮೆನು ಈ ಗಾತ್ರವನ್ನು ಸುಲಭವಾಗಿ ದಾಟುತ್ತದೆ. ಕನ್ನಡದಂಥ ಲಿಪಿಯ ಹೆಸರುಗಳಿದ್ದರೆ ಇನ್ನೂ ಬೇಗ: ಯೂನಿಕೋಡ್‌ನ ಯುಟಿಎಫ್ 8ರಲ್ಲಿ ನಮ್ಮ ಒಂದೊಂದು ಸಂಕೇತಕ್ಕೆ 3 ಬೈಟ್ ಬೇಕು. ಇಂಗ್ಲಿಷ್ ಹೆಸರುಗಳ ಮೆನು ಸೇವ್ ಆಗುತ್ತದೆ, ಅಷ್ಟೇ ಐಟಂಗಳ ಕನ್ನಡ ಮೆನು ಆಗುವುದಿಲ್ಲ ಎಂದರೆ ಹುಡುಕಬೇಕಾದ ಜಾಗ ಇದು. ಸ್ವಂತ ಸರ್ವರ್ ಆದರೆ ಆ ಒಂದು ಮಿತಿಯನ್ನು ಏರಿಸಿ, ಇಲ್ಲದಿದ್ದರೆ ಹೋಸ್ಟಿಂಗ್‌ನವರಿಗೆ ಯಾವ ಸಮಯಕ್ಕೆ, ಯಾವ ಪುಟದಲ್ಲಿ, ಯಾವ ಸಂಖ್ಯೆ ಬಂತು ಎಂದು ಬರೆದು ಕಳಿಸಿ. ಫೈರ್‌ವಾಲ್ ಅನ್ನೇ ಬಂದ್ ಮಾಡಿಸುವುದು ಪರಿಹಾರವಲ್ಲ.

ಪಿಎಚ್‌ಪಿಯ ಪೋಸ್ಟ್ ಮ್ಯಾಕ್ಸ್ ಸೈಜ್ ಮಿತಿ ಸಾಮಾನ್ಯವಾಗಿ 8 ಮೆಗಾಬೈಟ್. ಅದನ್ನು ಮೀರಿದರೆ ಪಿಎಚ್‌ಪಿಗೆ ಫಾರ್ಮ್ ಪೂರ್ತಿ ಖಾಲಿಯಾಗಿ ಕಾಣುತ್ತದೆ, ಏನೂ ಸೇವ್ ಆಗುವುದಿಲ್ಲ, ಏನೂ ಅಳಿಯುವುದೂ ಇಲ್ಲ. ಮೆನು ಒಂದರಿಂದ ಅಷ್ಟು ಗಾತ್ರ ಬರುವುದು ಅಪರೂಪ.

ಸಮಯ ಮೀರುವ ದೋಷ

300 ಐಟಂಗಳ ಮೆನುವಿನಲ್ಲಿ ಒಂದರ ಹೆಸರು ತಿದ್ದಿದರೂ 300 ಐಟಂಗಳೂ ಮತ್ತೆ ಸೇವ್ ಆಗುತ್ತವೆ, ಪ್ರತಿಯೊಂದಕ್ಕೂ ಅದರ ಮೆಟಾ ಸಾಲುಗಳ ಪರಿಶೀಲನೆ ನಡೆಯುತ್ತದೆ. ಡೇಟಾಬೇಸ್‌ಗೆ ಸಾವಿರಾರು ಪ್ರಶ್ನೆಗಳು. ಆದರೂ ಬರಿಯ ವರ್ಡ್‌ಪ್ರೆಸ್ ಇದನ್ನು ಸಹಿಸಿಕೊಳ್ಳುತ್ತದೆ. ನಿಜವಾದ ಹೊರೆ ಬರುವುದು ಸೇವ್ ಪೋಸ್ಟ್ ಎಂಬ ಹುಕ್‌ಗೆ (ಪೋಸ್ಟ್ ಸೇವ್ ಆದಾಗಲೆಲ್ಲ ಬೇರೆ ಕೋಡ್ ಓಡಿಸುವ ಕೊಕ್ಕೆ) ನೇತುಬಿದ್ದಿರುವ ಪ್ಲಗಿನ್‌ಗಳಿಂದ. ಮೆನು ಐಟಂ ಕೂಡ ಪೋಸ್ಟ್ ಆದ್ದರಿಂದ ಐಟಂ ಸೇವ್ ಆದಾಗಲೆಲ್ಲ ಕ್ಯಾಶೆ ಪ್ಲಗಿನ್ ಇಡೀ ಸೈಟ್‌ನ ಕ್ಯಾಶೆ ಅಳಿಸಬಹುದು, ಹುಡುಕಾಟದ ಪ್ಲಗಿನ್ ಸೂಚಿಯನ್ನು ಮತ್ತೆ ಕಟ್ಟಬಹುದು, ಚಟುವಟಿಕೆ ದಾಖಲಿಸುವ ಪ್ಲಗಿನ್ ಒಂದು ಸಾಲು ಬರೆಯಬಹುದು. ಒಂದು ಸೇವ್‌ಗೆ 300 ಸಲ. ಕ್ಯಾಶೆ ಅಳಿಸಲು ಹೊರಗಿನ ಸಿಡಿಎನ್‌ಗೆ ಪ್ರತಿ ಸಲ ಕರೆ ಹೋಗುವಂತಿದ್ದರೆ ನಿಮಿಷಗಳೇ ಹಿಡಿಯುತ್ತವೆ.

ಪತ್ತೆಗೆ ಸ್ಟೇಜಿಂಗ್‌ನಲ್ಲಿ ಪ್ಲಗಿನ್‌ಗಳನ್ನು ಅರ್ಧಕ್ಕರ್ಧ ನಿಷ್ಕ್ರಿಯಗೊಳಿಸಿ ಸೇವ್ ಮಾಡಿ, ನೆಟ್‌ವರ್ಕ್ ಟ್ಯಾಬ್‌ನಲ್ಲಿ ಸಮಯ ನೋಡಿ. ವೇಗ ಬಂದ ಕಡೆಯ ಅರ್ಧವನ್ನು ಮತ್ತೆ ಅರ್ಧ ಮಾಡುತ್ತ ಹೋದರೆ ಬೇಗ ತಪ್ಪಿತಸ್ಥ ಸಿಗುತ್ತದೆ. ಮ್ಯಾಕ್ಸ್ ಎಕ್ಸಿಕ್ಯೂಶನ್ ಟೈಮ್ (ಪಿಎಚ್‌ಪಿ ಓಡಬಹುದಾದ ಸಮಯದ ಮಿತಿ) ಏರಿಸಿದರೂ 504 ಬರುತ್ತಲೇ ಇದ್ದರೆ ಆಶ್ಚರ್ಯಪಡಬೇಡಿ. ಲಿನಕ್ಸ್‌ನಲ್ಲಿ ಪಿಎಚ್‌ಪಿಯ ಆ 30 ಸೆಕೆಂಡಿನ ಮಿತಿ ಡೇಟಾಬೇಸ್‌ಗಾಗಿ ಕಾದ ಸಮಯವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದೇ ಇಲ್ಲ. 504 ಕೊಡುವುದು ಪಿಎಚ್‌ಪಿಯ ಮುಂದೆ ನಿಂತ ಎಂಜಿನ್‌ಎಕ್ಸ್ ವೆಬ್ ಸರ್ವರ್, ಪಿಎಚ್‌ಪಿಯ ಉತ್ತರಕ್ಕೆ ಅದು ಕಾಯುವ ಫಾಸ್ಟ್‌ಸಿಜಿಐ ಅವಧಿ ಸಹಜವಾಗಿ 60 ಸೆಕೆಂಡ್. ತಾತ್ಕಾಲಿಕವಾಗಿ ಅದನ್ನು ಏರಿಸಿ ಒಂದು ಪೂರ್ಣ ಸೇವ್ ಮುಗಿಸಿಕೊಂಡರೆ ಕಲಸಿದ ಕ್ರಮ ಸರಿಯಾಗುತ್ತದೆ. ಮೊದಲಿಗೆ ಹೇಳಿದ ಎಚ್ಚರಿಕೆಗೆ ಇದೊಂದೇ ಅಪವಾದ: ಬಾಲ ತುಂಡಾಗಿಲ್ಲ, ಐಟಂ ಎಣಿಕೆ ಸರಿಯಿದೆ ಎಂದು ಖಚಿತವಾದ ಮೇಲೆ ಮತ್ತೆ ಸೇವ್ ಮಾಡಬಹುದು. ವರ್ಡ್‌ಪ್ರೆಸ್‌ನ ಕಮಾಂಡ್ ಲೈನ್ ಸಲಕರಣೆ ಇದ್ದರೆ ಮೆನು ಪಟ್ಟಿಯ ಆದೇಶ ಪ್ರತಿ ಮೆನುವಿನ ಐಟಂ ಎಣಿಕೆಯನ್ನು ತೋರಿಸುತ್ತದೆ.

ಇದೆ, ಆದರೆ ಕಾಣುತ್ತಿಲ್ಲ

ಲಾಗಿನ್ ಆದವರಿಗೆ ಕಂಡು ಓದುಗರಿಗೆ ಕಾಣದಿದ್ದರೆ ಪುಟ ಕ್ಯಾಶೆ. ಕ್ಯಾಶೆ ಅಳಿಸುವ ಸಲಹೆ ಸಲ್ಲುವುದು ಇಲ್ಲಿ.

ಮೂರನೇ ಮಟ್ಟದ ಐಟಂಗಳು ಮಾತ್ರ ಕಾಣದಿದ್ದರೆ ಥೀಮ್ ಮೆನುವನ್ನು ಕರೆಯುವಾಗ ಡೆಪ್ತ್ 2 (ಎರಡೇ ಮಟ್ಟ) ಎಂದು ನಿಗದಿಪಡಿಸಿರಬಹುದು. ಥೀಮ್ ಬದಲಿಸಿದ ಮೇಲೆ ಶುರುವಾದ ದೂರುಗಳಿಗೆ ಬಹುಪಾಲು ಇದೇ ಕಾರಣ.

ಇನ್ನೊಂದು ಸೂಕ್ಷ್ಮ ಪ್ರಸಂಗವಿದೆ. ತಾಯಿ ಐಟಂ ಆಗಿದ್ದ ಪುಟವನ್ನು ಯಾರೋ ಖಾಯಂ ಆಗಿ ಅಳಿಸುತ್ತಾರೆ. ವರ್ಡ್‌ಪ್ರೆಸ್ ಆ ಪುಟದ ಮೆನು ಐಟಂ ಅನ್ನೂ ತಾನೇ ತೆಗೆಯುತ್ತದೆ. ಅದರ ಕೆಳಗಿದ್ದ ಉಪ ಐಟಂಗಳು ಮಾತ್ರ ಇಲ್ಲದ ತಾಯಿಯ ಸಂಖ್ಯೆಯನ್ನೇ ಹಿಡಿದುಕೊಂಡು ಉಳಿಯುತ್ತವೆ. ಥೀಮ್ ಎಲ್ಲ ಮಟ್ಟಗಳನ್ನೂ ತೋರಿಸುವಂಥದ್ದಾದರೆ ಈ ಅನಾಥ ಐಟಂಗಳು ಮೆನುವಿನ ತುದಿಯಲ್ಲಿ ಸಾಲಾಗಿ ಬಂದು ನಿಲ್ಲುತ್ತವೆ, ಹೆಡರ್ ಇದ್ದಕ್ಕಿದ್ದಂತೆ ಎರಡು ಸಾಲಿಗೆ ಹರಿಯುತ್ತದೆ. ಥೀಮ್ ಡೆಪ್ತ್ ಮಿತಿ ಹಾಕಿದ್ದರೆ ಅವು ಕಾಣುವುದೇ ಇಲ್ಲ. ಒಂದೇ ಕಾರಣಕ್ಕೆ ಎರಡು ವಿರುದ್ಧ ಲಕ್ಷಣಗಳು. ಮೆನು ಪರದೆಯಲ್ಲಿ ಅವನ್ನು ಎಳೆದು ಹೊಸ ತಾಯಿ ಐಟಂ ಕೆಳಗೆ ಕೂರಿಸಿ ಸೇವ್ ಮಾಡಿದರೆ ಮುಗಿಯಿತು.

ವೇಗಕ್ಕಾಗಿ ಮೆನುವಿನ ಎಚ್‌ಟಿಎಂಎಲ್ ಅನ್ನೇ ಕ್ಯಾಶೆಯಲ್ಲಿ ಇಟ್ಟುಕೊಂಡ ಸೈಟ್‌ಗಳಲ್ಲಿ ಯಾವ ಪುಟಕ್ಕೆ ಹೋದರೂ ಒಂದೇ ಐಟಂ ಬಣ್ಣ ತುಂಬಿಕೊಂಡು ನಿಂತಿರುತ್ತದೆ. ಈಗಿನ ಪುಟ ಎಂದು ಗುರುತಿಸುವ ಕ್ಲಾಸ್ ಕೂಡ ಕ್ಯಾಶೆಯಲ್ಲಿ ಹೆಪ್ಪುಗಟ್ಟಿದ್ದರ ಫಲ ಅದು. ಆ ಕ್ಲಾಸ್ ಅನ್ನು ಬ್ರೌಸರ್‌ನಲ್ಲಿ ಸ್ಕ್ರಿಪ್ಟ್ ಮೂಲಕ ಹಾಕಬೇಕು, ಇಲ್ಲವೇ ಪುಟಕ್ಕೊಂದು ಪ್ರತಿ ಇಡಬೇಕು.

ಕಳೆದುಹೋದದ್ದನ್ನು ಮರಳಿ ತರುವುದು

ಹಳೆಯ ಬ್ಯಾಕಪ್ ಅನ್ನು ಇಡಿಯಾಗಿ ಮರುಸ್ಥಾಪಿಸಿದರೆ ಆಮೇಲೆ ಬಂದ ಲೇಖನ, ಪ್ರತಿಕ್ರಿಯೆ, ಆರ್ಡರ್‌ಗಳೆಲ್ಲ ಹೋಗುತ್ತವೆ. ಬೇಕಾಗಿರುವುದು ಮೆನು ಮಾತ್ರ. ಬ್ಯಾಕಪ್ ಅನ್ನು ಬೇರೊಂದು ಖಾಲಿ ಡೇಟಾಬೇಸ್‌ಗೆ ತೆರೆದು, ಪೋಸ್ಟ್ಸ್ ಕೋಷ್ಟಕದಿಂದ ನ್ಯಾವ್ ಮೆನು ಐಟಂ ಬಗೆಯ ಸಾಲುಗಳು, ಅವುಗಳ ಪೋಸ್ಟ್ ಮೆಟಾ ಸಾಲುಗಳು, ಟರ್ಮ್ ರಿಲೇಶನ್‌ಶಿಪ್ಸ್ ಕೋಷ್ಟಕದಲ್ಲಿ ಆ ಐಟಂಗಳನ್ನು ಮೆನುವಿಗೆ ಕಟ್ಟುವ ಸಾಲುಗಳು, ಈ ಮೂರನ್ನು ತಂದರೆ ಸಾಕು. ಮೂರನೆಯದನ್ನು ಬಿಟ್ಟರೆ ಐಟಂಗಳು ಡೇಟಾಬೇಸ್‌ನಲ್ಲಿ ಇರುತ್ತವೆ, ಯಾವ ಮೆನುವಿನಲ್ಲೂ ಕಾಣುವುದಿಲ್ಲ. ಕಳೆದ ಐಟಂಗಳ ಹಳೆಯ ಸಂಖ್ಯೆಗಳು ಈ ನಡುವೆ ಬೇರೆ ಪೋಸ್ಟ್‌ಗೆ ಸಾಮಾನ್ಯವಾಗಿ ಹೋಗಿರುವುದಿಲ್ಲ, ಡೇಟಾಬೇಸ್ ಸಂಖ್ಯೆ ಮುಂದಕ್ಕೇ ಎಣಿಸುತ್ತದೆ, ಆದ್ದರಿಂದ ಅದೇ ಸಂಖ್ಯೆಯಲ್ಲೇ ಹಿಂತಿರುಗಿಸಬಹುದು. ಬ್ಯಾಕಪ್ ಇಲ್ಲದಿದ್ದರೆ ಆರಂಭದಲ್ಲಿ ಉಳಿಸಿಕೊಂಡ ಕ್ಯಾಶೆ ಪುಟವೇ ಆಧಾರ, ಅದನ್ನು ನೋಡಿಕೊಂಡು ಕೈಯಾರೆ ಕಟ್ಟಬೇಕು. ಕಟ್ಟುವ ಮೊದಲು ಮಿತಿ ಸರಿಪಡಿಸಿರಬೇಕು ಎಂದು ಬೇರೆ ಹೇಳಬೇಕಿಲ್ಲ.

ಜೂಮ್ಲಾ, ಡ್ರೂಪಲ್

ಜೂಮ್ಲಾದಲ್ಲಿ ಪ್ರತಿ ಮೆನು ಐಟಂಗೂ ತನ್ನದೇ ಫಾರ್ಮ್, ಹಾಗಾಗಿ ಒಂದು ಐಟಂ ಸೇವ್ ಮಾಡಿ ಇಡೀ ಪಟ್ಟಿಯ ಬಾಲ ಕಳೆದುಕೊಳ್ಳುವ ಪ್ರಶ್ನೆ ಬರುವುದಿಲ್ಲ. ಅಲ್ಲಿನ ದೋಷ ಬೇರೆ: ಮಟ್ಟಗಳನ್ನು ಎಡ ಮತ್ತು ಬಲ ಸಂಖ್ಯೆಗಳ ಜೋಡಿಯಿಂದ ಕಟ್ಟಿರುತ್ತಾರೆ. ಡೇಟಾಬೇಸ್‌ಗೆ ನೇರವಾಗಿ ಕೈಹಾಕಿದರೆ ಅಥವಾ ವಲಸೆಯ ಸಲಕರಣೆ ಅರ್ಧಕ್ಕೆ ನಿಂತರೆ ಆ ಜೋಡಿಗಳು ತಪ್ಪಿ, ಐಟಂಗಳು ಯಾರದೋ ಕೆಳಗೆ ಕಾಣಿಸಿಕೊಳ್ಳುತ್ತವೆ. ಮೆನು ನಿರ್ವಹಣೆಯಲ್ಲಿರುವ ರೀಬಿಲ್ಡ್ ಗುಂಡಿ ತಾಯಿ ಐಟಂನ ದಾಖಲೆಯಿಂದ ಅವನ್ನು ಹೊಸದಾಗಿ ಕಟ್ಟುತ್ತದೆ.

ಡ್ರೂಪಲ್‌ನಲ್ಲಿ ಇಡೀ ಮೆನು ಒಂದೇ ಫಾರ್ಮ್‌ನಲ್ಲಿ ಬರುವುದರಿಂದ ಪಿಎಚ್‌ಪಿಯ ಸಾವಿರದ ಮಿತಿ ಅಲ್ಲಿಯೂ ತಾಗುತ್ತದೆ, ಮೇಲೆ ಹೇಳಿದ ಪರಿಶೀಲನೆಗಳೇ ಸಾಕು. ಮೆನು 9 ಮಟ್ಟಕ್ಕಿಂತ ಆಳಕ್ಕೆ ಇಳಿಯಲಾಗದು ಎಂಬುದನ್ನು ಮಾತ್ರ ಪ್ರತ್ಯೇಕವಾಗಿ ನೆನಪಿಡಬೇಕು.

ಮತ್ತೆ ಬಾರದಂತೆ

ಮಿತಿ ಏರಿಸಿ ಮುನ್ನಡೆಯುವುದು ಸಾಧ್ಯ, ಆದರೆ ಪ್ರತಿ ಸಣ್ಣ ತಿದ್ದುಪಡಿಗೂ 300 ಐಟಂಗಳನ್ನು ಪಣಕ್ಕಿಡುವ ಏರ್ಪಾಡು ಹಾಗೆಯೇ ಉಳಿಯುತ್ತದೆ. ನನಗೆ ಸರಿ ಕಾಣುವ ದಾರಿ ಮೆನುವನ್ನು ಒಡೆಯುವುದು. ಹೆಡರ್‌ನಲ್ಲಿ ಮೊದಲ ಎರಡು ಮಟ್ಟ ಮಾತ್ರ, ಪ್ರತಿ ವಿಭಾಗದ ಒಳಗಿನ ಕೊಂಡಿಗಳು ಆ ವಿಭಾಗದ ಪುಟಗಳಲ್ಲಿ ಮಾತ್ರ ಕಾಣುವ ಬೇರೆ ಮೆನುವಿನಲ್ಲಿ. ಒಂದೊಂದು ಮೆನು 50 ಐಟಂ ಒಳಗೆ ಉಳಿದರೆ ಯಾವ ಮಿತಿಯೂ ಹತ್ತಿರ ಸುಳಿಯುವುದಿಲ್ಲ, ಒಂದರ ಸೇವ್ ಕೆಟ್ಟರೂ ಉಳಿದವು ಸುರಕ್ಷಿತ. ಮೊಬೈಲ್‌ನಲ್ಲಿ ಓದುವವರಿಗೂ ಇದು ದೊಡ್ಡ ಉಪಕಾರ: ಕಾಣದ ನೂರಾರು ಕೊಂಡಿಗಳು ಪ್ರತಿ ಪುಟದ ಜೊತೆಗೂ ಇಳಿಯುವುದು ನಿಲ್ಲುತ್ತದೆ, ಸ್ಕ್ರೀನ್ ರೀಡರ್ ಬಳಸುವವರು ಆ ಸಾಲನ್ನು ದಾಟಿಕೊಂಡು ವಿಷಯಕ್ಕೆ ಬರುವ ಕಷ್ಟವೂ ಕಡಿಮೆಯಾಗುತ್ತದೆ.

ವಿಭಾಗದ ಪುಟಗಳು ತಾಯಿ-ಮಗು ಸಂಬಂಧದಲ್ಲಿ ಈಗಾಗಲೇ ಜೋಡಿಸಿದ್ದರೆ ಕೆಲವೆಡೆ ಕೈಯಿಂದ ಕಟ್ಟಿದ ಮೆನುವೇ ಬೇಡ, ಪುಟಗಳ ಪಟ್ಟಿಯನ್ನು ಥೀಮ್ ತಾನೇ ತೋರಿಸಬಹುದು. ಬ್ಲಾಕ್ ಥೀಮ್‌ಗೆ (ಇಡೀ ಸೈಟ್ ಅನ್ನು ಬ್ಲಾಕ್‌ಗಳಿಂದ ಕಟ್ಟುವ ಹೊಸ ಮಾದರಿ) ಹೋಗುವ ಯೋಜನೆ ಇದ್ದರೆ, 2022ರ ಜನವರಿಯಲ್ಲಿ ಬಂದ ವರ್ಡ್‌ಪ್ರೆಸ್ 5.9ರಿಂದ ನ್ಯಾವಿಗೇಶನ್ ಬ್ಲಾಕ್ ಇಡೀ ಮೆನುವನ್ನು ಒಂದೇ ಪೋಸ್ಟ್‌ನ ಪಠ್ಯವಾಗಿ ಇಡುತ್ತದೆ. ಸಾವಿರ ಫೀಲ್ಡ್‌ಗಳ ತಂಟೆ ಅಲ್ಲಿಲ್ಲ, ರಿವಿಷನ್‌ಗಳೂ ಸಿಗುತ್ತವೆ.

ಅಲ್ಲಿಯವರೆಗೆ, ಮೆನು ಮುಟ್ಟುವ ಪ್ರತಿ ಸಲ ಮೊದಲು ಟೂಲ್ಸ್‌ನ ಎಕ್ಸ್‌ಪೋರ್ಟ್‌ನಲ್ಲಿ ಆಲ್ ಕಂಟೆಂಟ್ ಆಯ್ದು ಕಡತ ಇಳಿಸಿಕೊಳ್ಳಿ, ಮೆನು ಐಟಂಗಳು ಅದರಲ್ಲಿ ಸೇರಿರುತ್ತವೆ. ಸೇವ್ ಆದ ಮೇಲೆ ಪಟ್ಟಿಯ ಕೊನೆಯ ಐಟಂ ಮತ್ತು ಡಿಸ್‌ಪ್ಲೇ ಲೊಕೇಶನ್ ಟಿಕ್, ಇವೆರಡನ್ನು ನೋಡಿಯೇ ಪರದೆ ಮುಚ್ಚಿ.